ಮೈಗೂಡುವ ಮಾಂಸದ ಲೆಕ್ಕ

ಇಪ್ಪತ್ತರ ಆಸುಪಾಸಿನ ಬಡಕಲು ಮೈಯ ತರುಣನೊಬ್ಬನು, ಗೆಳೆಯರ ಹಾಸ್ಯಕ್ಕೂ ನೆಂಟರಿಷ್ಟರ ಮರುಕಕ್ಕೂ ಬೇಸತ್ತು, ಇನ್ನಾದರೂ ನಾಲ್ಕು ಜನರಂತೆ ಮೈ ತುಂಬಿಕೊಳ್ಳಬೇಕೆಂಬ ಸಂಕಲ್ಪದಿಂದ ವ್ಯಾಯಾಮಶಾಲೆಯ ಹೊಸ್ತಿಲನ್ನು ದಾಟಿದಾಗ, ಅವನು ಅಲ್ಲಿಯ ಗುರುವನ್ನು ಕೇಳುವ ಮೊದಲನೆಯ ಪ್ರಶ್ನೆ, ಎಷ್ಟು ದಿನಕ್ಕೆ ಮೈ ಬಂದೀತು ಎಂಬುದೇ ಆಗಿರುತ್ತದೆ. ಈ ಪ್ರಶ್ನೆಗೆ ಉತ್ತರ ಹೇಳುವವರಿಗೆ ನಮ್ಮಲ್ಲಿ ಬರಗಾಲವಿಲ್ಲ. ಪ್ರೋಟೀನು ಪುಡಿಯ ಡಬ್ಬಿಯನ್ನು ಮಾರುವವನು ಮೂವತ್ತು ದಿನವೆನ್ನುತ್ತಾನೆ. ಗೋಡೆಯ ಮೇಲಿನ ಚಿತ್ರಪಟದಲ್ಲಿ ಬಂಡೆಯಂತಹ ಎದೆಯನ್ನು ಉಬ್ಬಿಸಿ ನಿಂತವನು ಮೂರು ತಿಂಗಳೆಂದು ಬಾಯಿಬಿಡದೆಯೇ ಸೂಚಿಸುತ್ತಾನೆ. ಆ ಅವಧಿಯು ಕಳೆದು, ತೋಳಿನ ಸುತ್ತಳತೆಯಲ್ಲಿ ಬೆರಳ ಅಗಲದಷ್ಟೂ ವ್ಯತ್ಯಾಸ ಕಾಣದಾದಾಗ, ತನ್ನ ದೇಹವೇ ದೋಷಯುಕ್ತವಾದುದೆಂದು ಬಗೆದು ಆ ತರುಣನು ಅಭ್ಯಾಸವನ್ನು ಬಿಟ್ಟುಬಿಡುತ್ತಾನೆ. ಅವನ ಶ್ರದ್ಧೆಯಲ್ಲಿ ಕೊರತೆಯಿರಲಿಲ್ಲ, ದೇಹದಲ್ಲಿಯೂ ದೋಷವಿರಲಿಲ್ಲ, ಅವನ ಕೈಗೆ ಕೊಟ್ಟ ಅಳತೆಗೋಲು ಸುಳ್ಳಾಗಿತ್ತು. ಇಂತಹ ಸುಳ್ಳು ಅಳತೆಯಿಂದ ಪ್ರತಿವರ್ಷವೂ ಎಷ್ಟು ಮಂದಿ ಸದುದ್ದೇಶದ ತರುಣರು ನಿರಾಶರಾಗುತ್ತಾರೆಂಬುದನ್ನು ನೆನೆದರೆ ಮನಸ್ಸು ನೋಯುತ್ತದೆ. ಶರೀರವಿಜ್ಞಾನವು ಈ ವಿಷಯದಲ್ಲಿ ಮೌನವಾಗಿಲ್ಲ. ಅದು ಹೇಳುವ ಲೆಕ್ಕವು ಡಬ್ಬಿಯ ಮೇಲಿನ ಲೆಕ್ಕಕ್ಕಿಂತ ಚಿಕ್ಕದು. ಆದರೆ ನಂಬಿ ನಡೆಯಲು ಯೋಗ್ಯವಾದುದು.

ಉತ್ತರವನ್ನು ಮೊದಲೇ ಹೇಳಿಬಿಡುವುದು ಲೇಸು. ಬಾಲ್ಯದಿಂದಲೂ ಕೃಶನಾಗಿದ್ದು, ಉಳಿದಂತೆ ಆರೋಗ್ಯವಂತನಾದ ತರುಣನು ವಾರಕ್ಕೆ ಮೂರು ಸಲ ಕ್ರಮವರಿತು ಭಾರವನ್ನು ಎತ್ತಿ, ಹಸಿವನ್ನು ಮೀರಿ ತುಸು ಹೆಚ್ಚಾಗಿಯೇ ಉಂಡು, ರಾತ್ರಿ ಚೆನ್ನಾಗಿ ನಿದ್ರಿಸುವನಾದರೆ, ಮೊದಲ ಕೆಲವು ತಿಂಗಳುಗಳಲ್ಲಿ ತಿಂಗಳಿಗೆ ಅರ್ಧ ಕಿಲೋಗ್ರಾಮಿನಿಂದ ಒಂದು ಕಿಲೋಗ್ರಾಮಿನವರೆಗೆ ಮಾಂಸವು ಅವನಿಗೆ ಕೂಡಬಹುದು. ವರ್ಷವು ಮುಗಿಯುವ ಹೊತ್ತಿಗೆ ಅದು ನಾಲ್ಕರಿಂದ ಏಳು ಕಿಲೋಗ್ರಾಮಿಗೆ ಮುಟ್ಟಿದರೆ ಅವನು ಚೆನ್ನಾಗಿ ಬೆಳೆದನೆಂದೇ ತಿಳಿಯಬೇಕು. ಎರಡನೆಯ ವರ್ಷದಲ್ಲಿ ಈ ವೇಗವು ಸುಮಾರು ಅರ್ಧಕ್ಕಿಳಿಯುವುದು, ಮುಂದೆ ಮತ್ತೂ ಇಳಿಯುವುದು. ತರುಣಿಯರಲ್ಲಿ ಕಿಲೋಗ್ರಾಮಿನ ಲೆಕ್ಕವು ಇದರ ಅರ್ಧದಷ್ಟಿರುವುದಾದರೂ, ಮೊದಲೇ ಇದ್ದ ಮಾಂಸಕ್ಕೆ ಹೋಲಿಸಿದಾಗ ಅವರ ವೃದ್ಧಿಯ ಪ್ರಮಾಣವು ಪುರುಷರದಕ್ಕೆ ಹೆಚ್ಚುಕಡಮೆ ಸಮನಾಗಿಯೇ ಇರುತ್ತದೆ. ಈ ಅಂಕಿಗಳು ಹೀಗೇಕಿವೆ, ಇವುಗಳನ್ನು ಇಮ್ಮಡಿ ಮುಮ್ಮಡಿ ಮಾಡುವುದು ಏಕೆ ಸಾಧ್ಯವಿಲ್ಲ ಎಂಬುದನ್ನು ತಿಳಿಯಬೇಕಾದರೆ ಮಾಂಸಖಂಡದ ಒಳಹೊಕ್ಕು ನೋಡಬೇಕು.

ಒಬ್ಬ ಪುರುಷನ ದೇಹಭಾರದಲ್ಲಿ ಹತ್ತರಲ್ಲಿ ನಾಲ್ಕು ಪಾಲಿನಷ್ಟು, ಎಲುಬುಗಳಿಗೆ ಅಂಟಿಕೊಂಡಿರುವ ಈ ಸ್ನಾಯುಗಳದು. ಸ್ನಾಯುವೆಂದರೆ ಸಹಸ್ರಾರು ತಂತುಗಳ ಕಟ್ಟು. ಕೂದಲಿನಷ್ಟು ಅಥವಾ ಅದಕ್ಕಿಂತ ಸಪುರವಾದ, ಆದರೆ ಅನೇಕ ಸೆಂಟಿಮೀಟರುಗಳಷ್ಟು ಉದ್ದವಿರಬಲ್ಲ ಒಂದೊಂದು ತಂತುವೂ ಒಂದೊಂದು ಜೀವಕೋಶ. ಸಾಮಾನ್ಯ ಕೋಶಕ್ಕೆ ಒಂದೇ ನ್ಯೂಕ್ಲಿಯಸ್ ಇದ್ದರೆ, ಈ ನೀಳಕೋಶದಲ್ಲಿ ನೂರಾರು ನ್ಯೂಕ್ಲಿಯಸ್‌ಗಳು ಅಂಚಿನುದ್ದಕ್ಕೂ ಹರಡಿಕೊಂಡಿರುತ್ತವೆ. ತಂತುವಿನ ಒಡಲಲ್ಲಿ ಆಕ್ಟಿನ್ ಮತ್ತು ಮಯೋಸಿನ್ ಎಂಬ ಪ್ರೋಟೀನುಗಳ ಸೂಕ್ಷ್ಮವಾದ ಎಳೆಗಳು ಒಂದರ ನಡುವೆ ಒಂದು ಸೇರಿಕೊಂಡಿದ್ದು, ಅವು ಪರಸ್ಪರ ಜಾರಿದಾಗ ಸ್ನಾಯುವು ಸಂಕೋಚಗೊಳ್ಳುತ್ತದೆ. ಈ ತತ್ತ್ವವನ್ನು 1954ರಲ್ಲಿ ಎರಡು ತಂಡಗಳು ಏಕಕಾಲದಲ್ಲಿ ಪ್ರಕಟಿಸಿದವು. ಆಂಡ್ರ್ಯೂ ಹಕ್ಸ್‌ಲಿ ಮತ್ತು ರೋಲ್ಫ್ ನೀಡರ್‌ಗರ್ಕೆ ಅವರದು ಒಂದು, ಹ್ಯೂ ಹಕ್ಸ್‌ಲಿ ಮತ್ತು ಜೀನ್ ಹ್ಯಾನ್ಸನ್ ಅವರದು ಇನ್ನೊಂದು. ಭಾರವನ್ನು ಎತ್ತಿ ಸ್ನಾಯುವನ್ನು ಬಿಗಿದಾಗ, ಆ ಬಿಗಿತವೇ ಒಂದು ಸಂದೇಶವಾಗಿ ಕೋಶದೊಳಗೆ ಹರಿದು, ಹೊಸ ಎಳೆಗಳನ್ನು ಸೇರಿಸುವ ಕಾರ್ಯಕ್ಕೆ ಚಾಲನೆ ಕೊಡುತ್ತದೆ. ಮನುಷ್ಯನಲ್ಲಿ ತಂತುಗಳ ಸಂಖ್ಯೆಯು ವ್ಯಾಯಾಮದಿಂದ ಹೆಚ್ಚುವುದೆಂಬುದಕ್ಕೆ ಬಲವಾದ ಆಧಾರಗಳಿಲ್ಲ; ಇದ್ದ ತಂತುವೇ ದಪ್ಪವಾಗಬೇಕು. ಹಾಗೆ ದಪ್ಪವಾಗುವಾಗ ಅದಕ್ಕೆ ನೆರವಾಗುವ ಒಂದು ಬಗೆಯ ಮೀಸಲು ಕೋಶಗಳು ತಂತುವಿನ ಹೊರಮೈಗೆ ಅಂಟಿಕೊಂಡು ಸುಪ್ತವಾಗಿರುತ್ತವೆ. ಅಲೆಗ್ಸಾಂಡರ್ ಮೌರೋ ಅವರು 1961ರಲ್ಲಿ ಕಪ್ಪೆಯ ಕಾಲಿನ ಸ್ನಾಯುವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ ಇವುಗಳನ್ನು ಗುರುತಿಸಿದರು. ಇವು ಎಚ್ಚೆತ್ತು, ವಿಭಜನೆಗೊಂಡು, ತಂತುವಿನೊಡನೆ ಬೆರೆತು ತಮ್ಮ ನ್ಯೂಕ್ಲಿಯಸ್‌ಗಳನ್ನು ಅದಕ್ಕೆ ಒಪ್ಪಿಸಿಬಿಡುತ್ತವೆ.

ಇಲ್ಲಿ ಒಂದು ಸಣ್ಣ ಗಣಿತವನ್ನು ಮಾಡಿ ನೋಡೋಣ. ಸ್ನಾಯುವಿನ ಮುಕ್ಕಾಲು ಪಾಲು ನೀರು. ಐದನೆಯ ಒಂದು ಪಾಲು ಪ್ರೋಟೀನು. ಉಳಿದದ್ದು ಕೊಬ್ಬು, ಲವಣ ಮುಂತಾದುವು. ಆದುದರಿಂದ ಒಂದು ಕಿಲೋಗ್ರಾಮ್ ಹೊಸ ಮಾಂಸವು ಮೈಗೂಡಬೇಕಾದರೆ ಬೇಕಾಗುವ ಪ್ರೋಟೀನು ಸುಮಾರು 200 ಗ್ರಾಮ್ ಮಾತ್ರ. ಅದನ್ನು ಒಂದು ತಿಂಗಳಿಗೆ ಹಂಚಿದರೆ ದಿನಕ್ಕೆ ಏಳು ಗ್ರಾಮೂ ಪೂರ್ತಿಯಾಗಿ ಬೀಳುವುದಿಲ್ಲ. ಒಂದು ಕೋಳಿಮೊಟ್ಟೆಯಲ್ಲಿಯೇ ಆರು ಗ್ರಾಮಿನಷ್ಟಿದೆ. ಹಾಗಾದರೆ ದಿನಕ್ಕೆ ಹತ್ತು ಮೊಟ್ಟೆಗಳನ್ನು ತಿಂದವನಿಗೆ ತಿಂಗಳಿಗೆ ಒಂಬತ್ತು ಕಿಲೋಗ್ರಾಮ್ ಮಾಂಸ ಏಕೆ ಕೂಡುವುದಿಲ್ಲ? ಪುಡಿ ಮಾರುವವನು ಗ್ರಾಹಕನಿಂದ ಮರೆಮಾಚುವುದು ಈ ಪ್ರಶ್ನೆಯನ್ನೇ. ಸ್ನಾಯುವು ಒಮ್ಮೆ ಕಟ್ಟಿ ಮುಗಿಸಿದ ವಸ್ತುವಲ್ಲ. ಅದರ ಪ್ರೋಟೀನಿನಲ್ಲಿ ನೂರಕ್ಕೆ ಒಂದೆರಡು ಪಾಲು ಪ್ರತಿದಿನವೂ ಒಡೆದು ಹೋಗುತ್ತದೆ, ಅಷ್ಟೇ ಪಾಲು ಮತ್ತೆ ಹೊಸದಾಗಿ ಹುಟ್ಟುತ್ತದೆ. ಕೆರೆಯೊಂದಕ್ಕೆ ಒಂದು ಕಡೆಯಿಂದ ಹಳ್ಳದ ನೀರು ಬಂದು ಬೀಳುತ್ತಿರಲು ಮತ್ತೊಂದು ಕಡೆ ತೂಬಿನಿಂದ ಗದ್ದೆಗಳಿಗೆ ಹರಿದುಹೋಗುತ್ತಿರುವಂತೆ, ಒಳಹರಿವು ಹೊರಹರಿವುಗಳೆರಡೂ ಸದಾಕಾಲವೂ ನಡೆದಿರುತ್ತವೆ; ಮಟ್ಟವು ಏರುವುದು ಅವೆರಡರ ವ್ಯತ್ಯಾಸದಷ್ಟೇ. ಭಾರ ಎತ್ತಿದ ಮೇಲೆ ಒಂದೆರಡು ದಿನಗಳ ಕಾಲ ಒಳಹರಿವು ಹೆಚ್ಚಾಗುತ್ತದೆ, ಆದರೆ ಹೊರಹರಿವೂ ಜೊತೆಯಲ್ಲಿಯೇ ಕೊಂಚ ಹೆಚ್ಚುತ್ತದೆ. ಆಹಾರ ಸಿಕ್ಕಾಗ ಮಟ್ಟವು ಏರುತ್ತದೆ, ರಾತ್ರಿಯ ಉಪವಾಸದಲ್ಲಿ ಇಳಿಯುತ್ತದೆ. ಎಲ್ಲವನ್ನೂ ಕೂಡಿ ಕಳೆದು ದಿನದ ಕೊನೆಗೆ ಉಳಿಯುವುದು ಆ ಕೆಲವೇ ಗ್ರಾಮುಗಳು. ಮಿಕ್ಕ ಪ್ರೋಟೀನನ್ನು ದೇಹವು ಉರಿಸಿ ಶಕ್ತಿಯನ್ನಾಗಿ ಮಾಡಿಕೊಳ್ಳುತ್ತದೆ. ಅಡಚಣೆಯಿರುವುದು ಸಾಮಗ್ರಿಯಲ್ಲಿ ಅಲ್ಲ. ಕಟ್ಟುವ ಯಂತ್ರದ ವೇಗದಲ್ಲಿ.

ಆ ವೇಗಕ್ಕೆ ಪ್ರಕೃತಿಯೇ ಕಡಿವಾಣವನ್ನು ಹಾಕಿದೆ. ಮಾಂಸವನ್ನು ಸಾಕುವುದು ದೇಹಕ್ಕೆ ದುಬಾರಿಯಾದ ವ್ಯವಹಾರ. ಬರಗಾಲಗಳನ್ನು ಕಂಡು ಬಂದ ಪ್ರಾಣಿಕುಲಕ್ಕೆ ಅನವಶ್ಯಕವಾದ ಮಾಂಸವು ಆಸ್ತಿಯಲ್ಲ, ಹೊರೆ. 1997ರಲ್ಲಿ ಅಮೆರಿಕದ ಸೆ-ಜಿನ್ ಲೀ ಅವರೂ ಸಂಗಡಿಗರೂ ಮಯೋಸ್ಟಾಟಿನ್ ಎಂಬ ಪ್ರೋಟೀನನ್ನು ಇಲಿಗಳಲ್ಲಿ ಕಂಡುಹಿಡಿದಾಗ ಈ ಕಡಿವಾಣವು ಪ್ರತ್ಯಕ್ಷವಾಯಿತು: ಅದರ ವಂಶವಾಹಿಯನ್ನು ಕೆಡಿಸಿದ ಇಲಿಗಳ ಸ್ನಾಯುಗಳು ಎರಡು ಮೂರು ಪಟ್ಟು ಬೆಳೆದವು. ಬೆಲ್ಜಿಯಂ ದೇಶದ ಒಂದು ಜಾತಿಯ ದನಗಳ ತೊಡೆಯ ಮಾಂಸವು ಇಬ್ಭಾಗವಾದಂತೆ ಉಬ್ಬಿ ಕಾಣುವುದಕ್ಕೂ ಈ ವಂಶವಾಹಿಯ ದೋಷವೇ ಕಾರಣವೆಂದು ಆಗಲೇ ತಿಳಿದುಬಂತು. ನಮ್ಮೆಲ್ಲರಲ್ಲಿಯೂ ಈ ಕಡಿವಾಣವಿದೆ. ಒಬ್ಬರಲ್ಲಿ ಬಿಗಿಯಾಗಿ, ಒಬ್ಬರಲ್ಲಿ ಸಡಿಲವಾಗಿ.

ಇನ್ನು ಹೊಸಬನ ಮೊದಲ ವಾರಗಳ ಅನುಭವವನ್ನು ಸಮೀಪದಿಂದ ನೋಡಬೇಕು, ಏಕೆಂದರೆ ಭ್ರಮೆಗಳೆಲ್ಲ ಹುಟ್ಟುವುದು ಅಲ್ಲಿಯೇ. ಬೆಂಚಿನ ಮೇಲೆ ಅಂಗಾತ ಮಲಗಿ, ಬರಿಯ ಕಬ್ಬಿಣದ ಸಲಾಕೆಯನ್ನು, ಎಂದರೆ 20 ಕಿಲೋಗ್ರಾಮ್ ತೂಕದ ಬಾರನ್ನು, ಎದೆಯ ಮೇಲಿನಿಂದ ಮೇಲಕ್ಕೆ ತಳ್ಳುವ ಹುಡುಗನನ್ನು ಗಮನಿಸಿರಿ. ಬಾರಿನ ಎಡತುದಿ ಮೇಲೇರುತ್ತದೆ, ಬಲತುದಿ ಅಲ್ಲಿಯೇ ತಡೆಯುತ್ತದೆ; ಮೊಣಕೈಗಳು ಒಂದೊಂದು ದಿಕ್ಕಿಗೆ ಸರಿಯುತ್ತವೆ; ಮುಂದೋಳು ಗಡಗಡನೆ ನಡುಗುತ್ತದೆ; ಎದೆಯ ಕೆಲಸಕ್ಕೆ ಸಂಬಂಧವೇ ಇಲ್ಲದ ಕತ್ತಿನ ಸ್ನಾಯುಗಳು ಸೆಟೆದು ನಿಲ್ಲುತ್ತವೆ. ಹತ್ತು ಹನ್ನೆರಡು ದಿನಗಳ ಅಭ್ಯಾಸದಲ್ಲಿ ಅದೇ ಹುಡುಗನು ಅದೇ ಬಾರನ್ನು ನೆಟ್ಟಗೆ, ನಿಶ್ಚಲವಾಗಿ, ಮಾತನಾಡುತ್ತಲೇ ಎತ್ತುತ್ತಾನೆ. ಇಷ್ಟರಲ್ಲಿ ಅವನ ಎದೆಯಲ್ಲಿ ಹೊಸ ಮಾಂಸ ಹುಟ್ಟಿತೆ? ಇಲ್ಲವೆಂದೇ ಹೇಳಬೇಕು. ಮಿದುಳು ಮತ್ತು ಬೆನ್ನುಹುರಿಗಳು ಯಾವ ತಂತುಗಳನ್ನು ಯಾವ ಕ್ಷಣದಲ್ಲಿ ಕೂಡಿಸಿ ದುಡಿಸಬೇಕು, ಎದುರಾಗಿ ಎಳೆಯುವ ಸ್ನಾಯುವನ್ನು ಹೇಗೆ ಸುಮ್ಮನಿರಿಸಬೇಕು ಎಂಬುದನ್ನು ಕಲಿತುಕೊಂಡವು, ಅಷ್ಟೆ. 1979ರಲ್ಲಿ ಮೊರಿಟಾನಿ ಮತ್ತು ಡಿವ್ರೀಸ್ ಎಂಬಿಬ್ಬರು, ಸ್ನಾಯುವಿನ ವಿದ್ಯುತ್ ಚಟುವಟಿಕೆಯನ್ನು ಅಳೆದು, ಮೊದಲ ಮೂರರಿಂದ ಐದು ವಾರಗಳ ಬಲವೃದ್ಧಿಯಲ್ಲಿ ಹೆಚ್ಚಿನ ಪಾಲು ನರಮಂಡಲದ್ದೆಂದೂ, ಅನಂತರವೇ ಮಾಂಸದ ಪಾಲು ಮುಂದಾಗುವುದೆಂದೂ ತೋರಿಸಿಕೊಟ್ಟರು. ಇದಕ್ಕಿಂತಲೂ ಹಳೆಯ, ಮನೋಹರವಾದ ಸಾಕ್ಷ್ಯವೊಂದಿದೆ. 1894ರಲ್ಲಿ ಯೇಲ್ ವಿಶ್ವವಿದ್ಯಾನಿಲಯದ ಸ್ಕ್ರಿಪ್ಚರ್ ಅವರು ಒಂದು ಕೈಗೆ ಮಾತ್ರ ಅಭ್ಯಾಸ ಕೊಡಿಸಿ ನೋಡಲಾಗಿ, ಯಾವ ಕೆಲಸವನ್ನೂ ಮಾಡದಿದ್ದ ಇನ್ನೊಂದು ಕೈಯ ಬಲವೂ ಹೆಚ್ಚಿತ್ತು. ಸುಮ್ಮನಿದ್ದ ಕೈಯಲ್ಲಿ ಮಾಂಸವು ಬೆಳೆಯುವುದೆಂತು? ಕಲಿತದ್ದು ನರಮಂಡಲ, ಅದು ಎರಡು ಕೈಗಳಿಗೂ ಒಡೆಯ.

ಆದಕಾರಣ ಮೊದಲ ತಿಂಗಳಲ್ಲಿ ಭಾರವು ಭರದಿಂದ ಏರಿದರೂ ಕನ್ನಡಿಯಲ್ಲಿ ಏನೂ ಕಾಣದಿರುವುದು ವೈಫಲ್ಯವಲ್ಲ, ಕ್ರಮವೇ ಹಾಗಿದೆ. ಇದರ ತಲೆಕೆಳಗಾದ ಭ್ರಮೆಯೊಂದೂ ಉಂಟು. ತೂಕದ ಯಂತ್ರವು ಕೆಲವರಿಗೆ ಮೊದಲ ಎರಡು ಮೂರು ವಾರಗಳಲ್ಲಿಯೇ ಎರಡು ಕಿಲೋಗ್ರಾಮ್ ಹೆಚ್ಚಳವನ್ನು ತೋರಿಸಿ ಅವರನ್ನು ಸ್ವರ್ಗಕ್ಕೇರಿಸುತ್ತದೆ. ಆದರೆ ಈ ಹೆಚ್ಚಳವು ಬಹುಪಾಲು ನೀರಿನದು: ದುಡಿಯತೊಡಗಿದ ಸ್ನಾಯುವು ಗ್ಲೈಕೋಜನ್ ಎಂಬ ಪಿಷ್ಟರೂಪದ ಇಂಧನವನ್ನು ಹೆಚ್ಚಾಗಿ ಕೂಡಿಡುತ್ತದೆ. ಅದರ ಪ್ರತಿಯೊಂದು ಗ್ರಾಮೂ ಸುಮಾರು ಮೂರು ಗ್ರಾಮ್ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಕ್ರಿಯಾಟಿನ್ ಎಂಬ ಪೂರಕವನ್ನು ಸೇವಿಸಿದವರಲ್ಲಿ ಮತ್ತೊಂದು ಕಿಲೋಗ್ರಾಮಿನಷ್ಟು ನೀರು ಸೇರುವುದು ಸಾಮಾನ್ಯ. ಇದಲ್ಲದೆ, ಒಗ್ಗದ ದುಡಿಮೆಯಿಂದ ಸಣ್ಣಪುಟ್ಟ ಗಾಯಗಳಾದ ತಂತುಗಳು ನೋವಿನೊಡನೆ ಊದಿಕೊಂಡಿರುತ್ತವೆ. ಬ್ರೆಜಿಲ್ ದೇಶದ ಸಾವೊ ಪಾಲೊ ವಿಶ್ವವಿದ್ಯಾನಿಲಯದ ಡಮಾಸ್ ಮತ್ತು ಅವರ ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆರಂಭದ ದಿನಗಳಲ್ಲಿ ಹುಟ್ಟುವ ಹೊಸ ಪ್ರೋಟೀನಿನ ಬಹುಭಾಗವು ಈ ಗಾಯಗಳ ದುರಸ್ತಿಗೇ ವೆಚ್ಚವಾಗುತ್ತದೆ. ದುರಸ್ತಿಯ ಕೆಲಸ ತಗ್ಗಿದ ಮೇಲೆಯೇ ಅದು ವೃದ್ಧಿಗೆ ಒದಗುತ್ತದೆ. ಮೊದಲ ತಿಂಗಳ ನೀರನ್ನು ಮಾಂಸವೆಂದು ನಂಬಿದವನು, ಎರಡನೆಯ ತಿಂಗಳಲ್ಲಿ ಯಂತ್ರದ ಮುಳ್ಳು ನಿಂತೊಡನೆ, ಏನೋ ಕೆಟ್ಟಿತೆಂದು ಕಂಗೆಡುತ್ತಾನೆ. ನಿಜವಾದ ಮಾಂಸವು ಹುಟ್ಟತೊಡಗುವುದು ಸರಿಸುಮಾರಾಗಿ ಆಗಲೇ.

ನಮ್ಮ ದೇಶದ ಕೃಶಕಾಯರ ವಿಷಯದಲ್ಲಿ ಮತ್ತೊಂದು ವಿಶೇಷವನ್ನು ಗಮನಿಸದೆ ಮುಂದುವರಿಯಲಾಗದು. ಪುಣೆಯ ಕೆ.ಇ.ಎಂ. ಆಸ್ಪತ್ರೆಯ ವೈದ್ಯರಾದ ಚಿತ್ತರಂಜನ ಯಾಜ್ಞಿಕ್ ಅವರು ತಮ್ಮ ಬ್ರಿಟಿಷ್ ಮಿತ್ರರಾದ ಜಾನ್ ಯುಡ್ಕಿನ್ ಅವರೊಡನೆ ನಿಂತು ತೆಗೆಸಿಕೊಂಡ ಒಂದು ಭಾವಚಿತ್ರವು 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಚ್ಚಾಯಿತು. ಇಬ್ಬರೂ ನೋಡುವುದಕ್ಕೆ ತೆಳ್ಳಗಿನವರೇ. ಎತ್ತರಕ್ಕೆ ತೂಕವನ್ನು ಹೋಲಿಸುವ ಸೂಚ್ಯಂಕವು ಇಬ್ಬರಲ್ಲಿಯೂ 22.3, ಆದರೆ ದೇಹದ ಕೊಬ್ಬನ್ನು ಅಳೆದಾಗ ಯುಡ್ಕಿನ್ ಅವರಲ್ಲಿ ಅದು ನೂರಕ್ಕೆ 9.1, ಯಾಜ್ಞಿಕ್ ಅವರಲ್ಲಿ ನೂರಕ್ಕೆ 21.2. ಒಬ್ಬ ವೈದ್ಯರು ತಮ್ಮ ಶರೀರವನ್ನೇ ಪ್ರಮಾಣವಾಗಿ ಮುಂದಿಟ್ಟು ಒಂದು ಜನಾಂಗದ ಲಕ್ಷಣವನ್ನು ಜಗತ್ತಿಗೆ ತೋರಿಸಿದ ಈ ಪರಿಯನ್ನು ನಾನು ಬಹುವಾಗಿ ಗೌರವಿಸುತ್ತೇನೆ. ಸಪುರವಾದ ಕೈಕಾಲುಗಳು, ಅದಕ್ಕೆ ಹೊಂದದ ಮೆತ್ತನೆಯ ಹೊಟ್ಟೆ: ಈ ಆಕೃತಿಯು ನಮ್ಮ ಕಾಲೇಜುಗಳಲ್ಲಿ ಎಷ್ಟು ಸಾಮಾನ್ಯವೆಂಬುದನ್ನು ಬಣ್ಣಿಸಬೇಕಾಗಿಲ್ಲ. ಇಂತಹ ತರುಣನು ತೂಕ ಹೆಚ್ಚಲೆಂದು ತುಪ್ಪ, ಬಾಳೆಹಣ್ಣು, ಸಿಹಿತಿಂಡಿಗಳನ್ನು ಮಿತಿಯಿಲ್ಲದೆ ತಿಂದರೆ ತೂಕವೇನೋ ಹೆಚ್ಚೀತು, ಆದರೆ ಹೆಚ್ಚುವುದು ನಡುವಿನ ಸುತ್ತಳತೆ. ಸಕ್ಕರೆ ಕಾಯಿಲೆಯು ಮನೆಮನೆಯಲ್ಲಿ ನೆಲಸಿರುವ ನಾಡಿನಲ್ಲಿ ಇದನ್ನು ಲಘುವಾಗಿ ಎಣಿಸುವಂತಿಲ್ಲ. ಅವನಿಗೆ ಬೇಕಾದುದು ತೂಕವಲ್ಲ, ಸ್ನಾಯು. ತೂಕದ ಯಂತ್ರಕ್ಕೆ ಅವೆರಡರ ಭೇದ ತಿಳಿಯದು.

ಹಾಗೆಂದು ಕೃಶನು ಹೊಟ್ಟೆ ಕಟ್ಟಬಾರದು. ತಿಂದದ್ದು ಮೈಗೆ ಹತ್ತುವುದಿಲ್ಲವೆಂಬ ಮಾತನ್ನು ಇಂತಹವರ ತಾಯಂದಿರು ನೊಂದು ಹೇಳುವುದುಂಟು. ಅದರಲ್ಲಿ ಒಂದು ಸತ್ಯಾಂಶವಿದೆ. 1999ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ಲೆವೈನ್ ಮತ್ತು ಸಂಗಡಿಗರು ಹದಿನಾರು ಮಂದಿಗೆ ಎಂಟು ವಾರಗಳ ಕಾಲ ಅವರವರ ಅಗತ್ಯಕ್ಕಿಂತ ದಿನಕ್ಕೆ 1000 ಕ್ಯಾಲರಿ ಹೆಚ್ಚಾಗಿ ಉಣ್ಣಿಸಿದರು. ಒಬ್ಬನಲ್ಲಿ ಬೆಳೆದ ಕೊಬ್ಬು ಕೇವಲ 0.36 ಕಿಲೋಗ್ರಾಮ್, ಇನ್ನೊಬ್ಬನಲ್ಲಿ 4.23 ಕಿಲೋಗ್ರಾಮ್. ಕೊಬ್ಬು ಕೂಡದವರು ತಮಗೇ ಅರಿವಿಲ್ಲದೆ ಹೆಚ್ಚಾಗಿ ಓಡಾಡಿ, ಕುಳಿತಲ್ಲಿ ಕಾಲು ಕುಣಿಸಿ, ಎದ್ದು ನಿಂತು, ಉಂಡದ್ದನ್ನು ಉರಿಸಿಬಿಟ್ಟಿದ್ದರು. ಜನ್ಮತಃ ಕೃಶನಾದವನು ಬಹುಮಟ್ಟಿಗೆ ಈ ಪಂಗಡದವನು. ಆದುದರಿಂದ ಅವನು ಹಸಿವನ್ನೇ ನಂಬಿ ಕೂಡದೆ, ನಿತ್ಯದ ಊಟದ ಮೇಲೆ ಮುನ್ನೂರರಿಂದ ಐನೂರು ಕ್ಯಾಲರಿಗಳಷ್ಟನ್ನು ತಪ್ಪದೆ ಸೇರಿಸಿಕೊಳ್ಳಬೇಕು, ವಾರಗಟ್ಟಲೆ ತೂಕ ಅಲುಗದಿದ್ದರೆ ಇನ್ನಷ್ಟು ಸೇರಿಸಬೇಕು. ಆದರೆ ಚೆನ್ನಾಗಿ ಉಣ್ಣುತ್ತಿದ್ದೂ ಈಚೆಗೆ ಕೃಶನಾಗುತ್ತ ಬಂದವನ ವಿಷಯವೇ ಬೇರೆ. ಕ್ಷಯ, ಥೈರಾಯಿಡ್ ಗ್ರಂಥಿಯ ವಿಕಾರ, ಮಧುಮೇಹ ಇವುಗಳಲ್ಲಿ ಯಾವುದಾದರೂ ಅಡಗಿರಬಹುದಾದ್ದರಿಂದ ಅವನು ಮೊದಲು ಹೋಗಬೇಕಾದುದು ವೈದ್ಯರಲ್ಲಿಗೆ.

ಪ್ರೋಟೀನಿನ ಪ್ರಮಾಣದ ಬಗೆಗೆ ಈಗ ಹೆಚ್ಚು ವಿವಾದವಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು ಸಾಮಾನ್ಯ ವಯಸ್ಕನಿಗೆ ದೇಹತೂಕದ ಕಿಲೋಗ್ರಾಮಿಗೆ 0.83 ಗ್ರಾಮ್ ಎಂದು ಗೊತ್ತುಮಾಡಿದೆ. ಭಾರ ಎತ್ತುವವರನ್ನು ಕುರಿತ 49 ಅಧ್ಯಯನಗಳನ್ನೂ ಅವುಗಳಲ್ಲಿ ಭಾಗವಹಿಸಿದ 1863 ಮಂದಿಯನ್ನೂ ಒಟ್ಟುಗೂಡಿಸಿ 2018ರಲ್ಲಿ ಮಾರ್ಟನ್ ಮೊದಲಾದವರು ಮಾಡಿದ ವಿಶ್ಲೇಷಣೆಯಲ್ಲಿ, ಸುಮಾರು 1.6 ಗ್ರಾಮಿನಾಚೆಗೆ ಹೆಚ್ಚಿನ ಪ್ರಯೋಜನ ಕಂಡುಬರಲಿಲ್ಲ. ಇದೇ ವಿಶ್ಲೇಷಣೆಯಲ್ಲಿ ಪೂರಕ ಪ್ರೋಟೀನಿನಿಂದ ಹೆಚ್ಚಾಗಿ ದೊರೆತ ಲಾಭವು ಸರಾಸರಿ 0.3 ಕಿಲೋಗ್ರಾಮ್ ಮಾತ್ರವೆಂಬುದನ್ನು ಡಬ್ಬಿಗೆ ಸಾವಿರಾರು ರೂಪಾಯಿ ತೆರುವ ಬಡ ವಿದ್ಯಾರ್ಥಿಯು ತಿಳಿದಿರಬೇಕೆಂದು ನನ್ನ ಹಂಬಲ. 55 ಕಿಲೋಗ್ರಾಮ್ ತೂಗುವವನಿಗೆ ಬೇಕಾದುದು ದಿನಕ್ಕೆ 88 ಗ್ರಾಮ್. ಅಕ್ಕಿ, ರಾಗಿ, ಗೋಧಿಗಳೆಲ್ಲ ಸೇರಿ 400 ಗ್ರಾಮ್ ಧಾನ್ಯದಿಂದ ಸುಮಾರು 30, ಸಾರಿಗೂ ಹುಳಿಗೂ ಹಾಕುವ 75 ಗ್ರಾಮ್ ಬೇಳೆಯಿಂದ 16, ಅರ್ಧ ಲೀಟರ್ ಹಾಲಿನಿಂದ 16, ಎರಡು ಹಿಡಿ ಕಡಲೆಕಾಯಿಬೀಜದಿಂದ 12, ಎರಡು ಮೊಟ್ಟೆಯಿಂದ 12. ಲೆಕ್ಕವು ಇಲ್ಲಿಗೇ ಹೆಚ್ಚುಕಡಮೆ ತುಂಬಿತು. ಮೊಟ್ಟೆಯನ್ನು ಮುಟ್ಟದವನು ಹುರುಳಿಕಾಳಿನ ಉಸಲಿಯನ್ನೋ ಮತ್ತೊಂದಿಷ್ಟು ಮೊಸರನ್ನೋ ಹೆಚ್ಚಿಸಿಕೊಂಡರಾಯಿತು. ಈ ಅಡಿಗೆಯು ನಮ್ಮ ಬಹುತೇಕ ಮನೆಗಳಲ್ಲಿ ಅಪರಿಚಿತವಾದುದೇನಲ್ಲ. ಅನ್ನದ ರಾಶಿಯನ್ನು ತಗ್ಗಿಸಿ ಬೇಳೆಕಾಳುಗಳನ್ನು ಏರಿಸುವುದಷ್ಟೇ ಬೇಕಾದುದು.

ವ್ಯಾಯಾಮದ ತತ್ತ್ವವಂತೂ ಒಂದೇ ವಾಕ್ಯದಲ್ಲಿ ಹೇಳಬಹುದಾದಷ್ಟು ಸರಳ: ಸ್ನಾಯುವು ಒಗ್ಗಿಕೊಂಡೊಡನೆ ಹೊರೆಯನ್ನು ತುಸು ಹೆಚ್ಚಿಸುತ್ತ ಹೋಗಬೇಕು. ಹದಿಹರೆಯದಲ್ಲಿ ಸಂಧಿವಾತಜ್ವರಕ್ಕೆ ತುತ್ತಾಗಿ, ಭಾರ ಎತ್ತಿಯೇ ಮೈಯನ್ನು ಸರಿಪಡಿಸಿಕೊಂಡಿದ್ದ ಥಾಮಸ್ ಡಿಲಾರ್ಮ್ ಎಂಬ ವೈದ್ಯರು, ಎರಡನೆಯ ಮಹಾಯುದ್ಧದ ಕಾಲದಲ್ಲಿ ಚಿಕಾಗೋದ ಸೈನಿಕ ಆಸ್ಪತ್ರೆಯಲ್ಲಿ, ಗಾಯಗೊಂಡು ತೊಡೆ ಬತ್ತಿಹೋಗಿದ್ದ ಯೋಧರಿಗೆ ಈ ವಿಧಾನವನ್ನು ಪ್ರಯೋಗಿಸಿ, 1945ರಲ್ಲಿ ತಮ್ಮ ಲೇಖನವನ್ನು ಪ್ರಕಟಿಸಿದರು. ದುರ್ಬಲ ಸ್ನಾಯುವಿಗೆ ಭಾರವು ಅಪಾಯಕರವೆಂಬ ಅಂದಿನ ನಂಬಿಕೆಯು ಅಲ್ಲಿಂದ ಮುಂದೆ ಸಡಿಲಿತು. ಭಾರವು ಅತಿಯಾಗಿರಲೇಬೇಕೆಂಬ ನಿಯಮವೂ ಇಲ್ಲ. ಕೆನಡದ ಮೆಕ್‌ಮಾಸ್ಟರ್ ವಿಶ್ವವಿದ್ಯಾನಿಲಯದ 2012ರ ಪ್ರಯೋಗದಲ್ಲಿ, ತಾವು ಒಮ್ಮೆ ಎತ್ತಬಲ್ಲ ಗರಿಷ್ಠ ಭಾರದಲ್ಲಿ ನೂರಕ್ಕೆ ಮೂವತ್ತರಷ್ಟನ್ನು ದಣಿಯುವವರೆಗೂ ಎತ್ತಿದವರ ತೊಡೆಯೂ ನೂರಕ್ಕೆ ಎಂಬತ್ತರಷ್ಟನ್ನು ಎತ್ತಿದವರ ತೊಡೆಯೂ ಹತ್ತು ವಾರಗಳಲ್ಲಿ ಸಮಸಮವಾಗಿ ಬೆಳೆದವು. ಬಲವು ಮಾತ್ರ ಹೆಚ್ಚು ಭಾರ ಎತ್ತಿದವರಲ್ಲಿ ಮುಂದಾಗಿತ್ತು. ಮೈಸೂರಿನ ಗರಡಿಗಳಲ್ಲಿ ಕೆಮ್ಮಣ್ಣಿನ ಮೇಲೆ ದಂಡೆ, ಬಸ್ಕಿಗಳನ್ನು ನೂರುಗಟ್ಟಲೆ ಹೊಡೆದು, ಗದೆ ತಿರುಗಿಸಿ ಸಾಮು ಮಾಡಿದ ಪೈಲ್ವಾನರ ಮೈಕಟ್ಟು ಹೇಗೆ ಬಂತೆಂಬುದು ಇದರಿಂದ ವಿಶದವಾಗುತ್ತದೆ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ಕಟ್ಟಿ ನಡೆಸಿದ ಕೆ. ವಿ. ಅಯ್ಯರ್ ಅವರನ್ನು ಕನ್ನಡಿಗರು ‘ಶಾಂತಲಾ’ ಮತ್ತು ‘ರೂಪದರ್ಶಿ’ಗಳ ಕರ್ತೃವೆಂದು ಹೆಚ್ಚಾಗಿ ಬಲ್ಲರು, ತಮ್ಮ ಶಿಷ್ಯರಿಗೆ ಅವರು ಕಬ್ಬಿಣದ ಗುಂಡುಗಳನ್ನೂ ಸೂರ್ಯನಮಸ್ಕಾರವನ್ನೂ ಜೊತೆಜೊತೆಯಾಗಿಯೇ ಕಲಿಸುತ್ತಿದ್ದರು. ಸಾಧನವು ಯಾವುದೇ ಆಗಲಿ, ಹೊರೆಯು ಕ್ರಮವಾಗಿ ಬೆಳೆಯಬೇಕು. ಪ್ರತಿಯೊಂದು ಸ್ನಾಯುವಿಗೂ ವಾರಕ್ಕೆ ಎರಡು ಬಾರಿಯಾದರೂ ಕೆಲಸ ಸಿಗಬೇಕು. ಕೊನೆಯ ಒಂದೆರಡು ಆವೃತ್ತಿಗಳು ನಿಜವಾಗಿಯೂ ಕಷ್ಟವೆನಿಸಬೇಕು.

ಇಷ್ಟನ್ನೂ ಸಮಾನವಾಗಿ ಮಾಡಿದ ಇಬ್ಬರು ಸಮಾನವಾಗಿ ಬೆಳೆಯುವರೆ? ಈ ವಿಷಯದ ಅತ್ಯಂತ ಕಠಿನವಾದ ಸತ್ಯವಿರುವುದು ಇಲ್ಲಿ. ಮೋನಿಕಾ ಹ್ಯೂಬಲ್ ಮತ್ತು ಅವರ ಸಂಗಡಿಗರು 2005ರಲ್ಲಿ 585 ಮಂದಿಯ, ಎಂದರೆ 342 ಸ್ತ್ರೀಯರ ಮತ್ತು 243 ಪುರುಷರ, ಒಂದು ತೋಳಿಗೆ ಮಾತ್ರ ಹನ್ನೆರಡು ವಾರಗಳ ಏಕರೂಪದ ವ್ಯಾಯಾಮವನ್ನು ಕೊಟ್ಟು ಮಾಡಿದ ಅಧ್ಯಯನವನ್ನು ಪ್ರಕಟಿಸಿದರು. ತೋಳಿನ ಸ್ನಾಯುವಿನ ಅಡ್ಡಕೊಯ್ತದ ವಿಸ್ತಾರವು ಕೆಲವರಲ್ಲಿ ನೂರಕ್ಕೆ ಎರಡರಷ್ಟು ಕುಗ್ಗಿತ್ತು, ಕೆಲವರಲ್ಲಿ ನೂರಕ್ಕೆ ಐವತ್ತೊಂಬತ್ತರಷ್ಟು ಹಿಗ್ಗಿತ್ತು. ಬಲದ ವೃದ್ಧಿಯು ಕೆಲವರಲ್ಲಿ ಸೊನ್ನೆ, ಕೆಲವರಲ್ಲಿ ನೂರಕ್ಕೆ 250. ಬಹುಜನರು ಈ ಎರಡು ತುದಿಗಳ ನಡುವೆ, ನೂರಕ್ಕೆ ಹದಿನೈದು ಇಪ್ಪತ್ತರ ಸುತ್ತಮುತ್ತ ಇದ್ದರು. ಅನ್ನ, ಅಭ್ಯಾಸ, ಅವಧಿ ಎಲ್ಲವೂ ಸರಿಯಿದ್ದೂ ನಿಧಾನವಾಗಿ ಬೆಳೆಯುವ ದೇಹಗಳು ನಿಜವಾಗಿಯೂ ಇವೆ. ಅಂತಹ ದೇಹವುಳ್ಳವನನ್ನು ಸೋಮಾರಿಯೆಂದು ಹಳಿಯುವ ಗುರುವು ಗುರುವೇ ಅಲ್ಲ. ಅವನಿಗೆ ಬೇಕಾದುದು ಹೆಚ್ಚಿನ ಕಾಲ, ಪಕ್ಕದವನೊಡನೆ ಹೋಲಿಸದಿರುವ ವಿವೇಕ. ಹನ್ನೆರಡು ವಾರಗಳಲ್ಲಿ ಅಲ್ಪವಾಗಿ ಬೆಳೆದವನು ಎರಡು ವರ್ಷಗಳಲ್ಲಿ ಗಣನೀಯವಾಗಿ ಬೆಳೆಯಲಾರನೆಂದು ಯಾವ ಶಾಸ್ತ್ರವೂ ಹೇಳಿಲ್ಲ.

ಚಿತ್ರಪಟಗಳ ದೇಹಗಳ ಬಗೆಗೂ ಒಂದು ಮಾತು ಹೇಳಬೇಕು. 1996ರಲ್ಲಿ ಶಲೇಂದರ್ ಭಸೀನ್ ಮತ್ತು ಅವರ ಸಹೋದ್ಯೋಗಿಗಳು, ಭಾರ ಎತ್ತಿ ಅನುಭವವಿದ್ದ ಪುರುಷರನ್ನು ನಾಲ್ಕು ಗುಂಪು ಮಾಡಿ, ಎರಡು ಗುಂಪುಗಳಿಗೆ ಹತ್ತು ವಾರಗಳ ಕಾಲ ವಾರಕ್ಕೆ 600 ಮಿಲಿಗ್ರಾಮ್ ಟೆಸ್ಟೊಸ್ಟಿರಾನ್ ಚುಚ್ಚುಮದ್ದನ್ನು ಕೊಟ್ಟರು. ಮದ್ದಿಲ್ಲದೆ ವ್ಯಾಯಾಮ ಮಾಡಿದವರಲ್ಲಿ ಕೊಬ್ಬಿಲ್ಲದ ದೇಹಭಾರವು ಸುಮಾರು 2 ಕಿಲೋಗ್ರಾಮ್ ಹೆಚ್ಚಿತು; ಮದ್ದು ಪಡೆದು ಯಾವ ವ್ಯಾಯಾಮವನ್ನೂ ಮಾಡದೆ ಕುಳಿತವರಲ್ಲಿ 3.2, ಎರಡನ್ನೂ ಮಾಡಿದವರಲ್ಲಿ 6.1. ಬೆವರು ಸುರಿಸಿದವನಿಗಿಂತ ಸುಮ್ಮನೆ ಕುಳಿತವನು ಹೆಚ್ಚು ಬೆಳೆದನೆಂಬ ಈ ಅಂಕಿಯನ್ನು ಪ್ರತಿಯೊಂದು ವ್ಯಾಯಾಮಶಾಲೆಯ ಗೋಡೆಯ ಮೇಲೂ ಬರೆಸಬೇಕು. ಚಿತ್ರದಲ್ಲಿರುವವನ ಮೈಯನ್ನು ನೋಡಿ ತನ್ನನ್ನು ತಾನು ಹೀನೈಸಿಕೊಳ್ಳುವ ಹುಡುಗನಿಗೆ ಆಗ ನ್ಯಾಯ ದೊರೆತೀತು. ಗುಟ್ಟಾಗಿ ಮಾರಾಟವಾಗುವ ಈ ಮದ್ದುಗಳು ವೃಷಣಗಳನ್ನು ಕುಗ್ಗಿಸಿ, ವೀರ್ಯಾಣುಗಳ ಉತ್ಪತ್ತಿಯನ್ನು ತಡೆದು, ಹೃದಯಕ್ಕೂ ಕೇಡು ತರುತ್ತವೆ.

ಕೊನೆಗೆ ನಮ್ಮ 55 ಕಿಲೋಗ್ರಾಮಿನ ತರುಣನಿಗೇ ಬರೋಣ. ಅವನು ತಿಂಗಳಿಗೊಮ್ಮೆ, ಒಂದೇ ಹೊತ್ತಿನಲ್ಲಿ, ಬೆಳಗಿನ ಬರಿಹೊಟ್ಟೆಯಲ್ಲಿ ತೂಕವನ್ನೂ, ದರ್ಜಿಯ ಟೇಪಿನಿಂದ ತೋಳು, ಎದೆ, ತೊಡೆ, ಸೊಂಟಗಳ ಸುತ್ತಳತೆಯನ್ನೂ ಬರೆದಿಟ್ಟುಕೊಳ್ಳಲಿ. ಎತ್ತಿದ ಭಾರವನ್ನು ದಿನದಿನವೂ ಬರೆಯಲಿ. ಮೊದಲ ಮೂರು ತಿಂಗಳಲ್ಲಿ ಭಾರದ ಪುಟವು ತುಂಬ ಬದಲಾಗುವುದು, ಸುತ್ತಳತೆಯ ಪುಟವು ಅತ್ಯಲ್ಪವಾಗಿ. ಆರನೆಯ ತಿಂಗಳ ಹೊತ್ತಿಗೆ ಹಳೆಯ ಅಂಗಿಯು ಭುಜದಲ್ಲಿ ಬಿಗಿಯಾದೀತು. ವರ್ಷಾಂತ್ಯದಲ್ಲಿ ತೂಕವು 60, 61 ಆಗಿ, ತೋಳಿನ ಸುತ್ತಳತೆಯು ಎರಡು ಮೂರು ಸೆಂಟಿಮೀಟರು ಹೆಚ್ಚಿ, ಸೊಂಟವು ಹೆಚ್ಚುಕಡಮೆ ಇದ್ದಷ್ಟೇ ಇದ್ದರೆ, ಬಂದ ತೂಕದಲ್ಲಿ ಬಹುಪಾಲು ಮಾಂಸವೇ ಎಂದು ನಂಬಬಹುದು. ಸೊಂಟವೇ ಮುಂದಾಗಿ ಬೆಳೆದಿದ್ದರೆ ಉಣ್ಣುವುದನ್ನು ಕಡಮೆ ಮಾಡಬೇಕು. ನಡುವೆ ಪರೀಕ್ಷೆಗಳೋ ಜ್ವರವೋ ಬಂದು ಅಭ್ಯಾಸವು ತಪ್ಪಿದರೆ ಗಳಿಸಿದ್ದೆಲ್ಲವೂ ನಷ್ಟವಾಯಿತೆಂದು ಎಣಿಸಬೇಕಾಗಿಲ್ಲ. 1991ರಲ್ಲಿ ಸ್ಟಾರನ್ ಮತ್ತು ಸಂಗಡಿಗರು ಇಪ್ಪತ್ತು ವಾರ ಭಾರ ಎತ್ತಿ, ಮೂವತ್ತಕ್ಕೂ ಹೆಚ್ಚು ವಾರ ಬಿಟ್ಟಿದ್ದ ಸ್ತ್ರೀಯರನ್ನು ಮತ್ತೆ ಅಭ್ಯಾಸಕ್ಕೆ ಹಚ್ಚಿದಾಗ, ಅವರ ತಂತುಗಳು ಆರೇ ವಾರಗಳಲ್ಲಿ ಬಹುಮಟ್ಟಿಗೆ ಹಿಂದಿನ ಗಾತ್ರಕ್ಕೆ ಮರಳಿದವು. ಓಸ್ಲೋ ನಗರದ ಗುಂಡರ್ಸನ್ ಮತ್ತು ಸಂಗಡಿಗರು 2010ರಲ್ಲಿ ಇಲಿಗಳಲ್ಲಿ ಕಂಡಂತೆ, ಬೆಳವಣಿಗೆಯ ಕಾಲದಲ್ಲಿ ಸೇರಿಕೊಂಡ ನ್ಯೂಕ್ಲಿಯಸ್‌ಗಳು ತಂತುವು ಸೊರಗಿದ ಮೇಲೂ ಅದರಲ್ಲಿಯೇ ಉಳಿದಿರುತ್ತವೆ; ಮರಳಿ ಬೆಳೆಯುವುದು ಸುಲಭವಾಗುವುದಕ್ಕೆ ಇದೂ ಒಂದು ಕಾರಣವಿರಬಹುದು. ಬಿಟ್ಟು ಬಂದವನು ಮೊದಲ ವಾರ ಹಿಂದಿನ ಭಾರದ ಅರ್ಧದಿಂದ ಆರಂಭಿಸಲಿ. ಕಳೆದುದನ್ನು ಮರಳಿ ಪಡೆಯಲು ಅವನಿಗೆ ಹಿಡಿಯುವ ಕಾಲವು ಮೊದಲು ಗಳಿಸಲು ಹಿಡಿದುದಕ್ಕಿಂತ ಬಹಳ ಕಡಮೆ.